23 ಜನರ ನಮ್ಮ ರೇಡಿಯೋ ಗುಂಪಿನ ಬಾಗಿಲು ಎಲ್ಲರಿಗೂ ತೆಗೆಯಬೇಕಾ?

ಡೊಂಬಿವಲಿ_765
ಭಾನುವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ನಾಲ್ಕು ದಿನದಿಂದ ತಲೆ ಕೊರೆಯುತ್ತಿದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ನನ್ನ ಊರು ಧಾರವಾಡದ ಹತ್ತಿರದ ಒಂದು ಹಳ್ಳಿ. ಡೊಂಬಿವಲಿಗೆ ಬಂದು 22 ವರ್ಷ ಆಯಿತು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅವರ ಸಾಮಾನಿನಲ್ಲಿ ನಾನು ಕೇಳಿ ತಂದುಕೊಂಡಿದ್ದು ಒಂದೇ, ಹಳೇ ಫಿಲಿಪ್ಸ್ ಟ್ರಾನ್ಸಿಸ್ಟರ್. ಚರ್ಮದ ಕವರ್ ಹರಿದಿದೆ, ಏರಿಯಲ್ ಅರ್ಧ ಮುರಿದಿದೆ. ಮುಳ್ಳು ಮಾತ್ರ ಅಪ್ಪ ಬಿಟ್ಟ ಜಾಗದಲ್ಲೇ ನಿಂತಿತ್ತು, ಧಾರವಾಡ ಆಕಾಶವಾಣಿ ಬರುವ 765 ಕಿಲೋಹರ್ಟ್ಸ್ ಹತ್ತಿರ. ಇಲ್ಲಿಗೆ ತಂದು ಹೊಸ ಸೆಲ್ ಹಾಕಿದೆ. ಬರೀ ಗುಯ್ ಅನ್ನುವ ಸದ್ದು. ಹಗಲು ನೋಡಿದೆ, ರಾತ್ರಿ ನೋಡಿದೆ, ಅದೇ ಗುಯ್.

ನಮ್ಮ ಕಡೆಯವರೆಲ್ಲ ಇರುವ ಒಂದು ದೊಡ್ಡ ಗುಂಪಿನಲ್ಲಿ ಕೇಳಿದೆ, ಸುಮಾರು 900 ಜನ ಇದ್ದಾರೆ. ಐದಾರು ಉತ್ತರ ಬಂತು. ಎಲ್ಲವೂ ಒಂದೇ: ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ಧಾರವಾಡ ಚೆನ್ನಾಗಿ ಬರುತ್ತೆ. ಅವರು ಹೇಳಿದ್ದು ತಪ್ಪಲ್ಲ. ಆ್ಯಪ್‌ನಲ್ಲಿ ಬರುತ್ತೆ, ನಾನೂ ಕೇಳುತ್ತೇನೆ. ಆದರೆ ನನಗೆ ಬೇಕಿದ್ದದ್ದು ಅಪ್ಪನ ರೇಡಿಯೋ ಗಾಳಿಯಿಂದ ಅದನ್ನು ಹಿಡಿಯೋದು. ಇದನ್ನು ಬರೆಯುವಷ್ಟರಲ್ಲಿ ಯಾರದ್ದೋ ಹುಟ್ಟುಹಬ್ಬದ ಶುಭಾಶಯ ಶುರುವಾಯಿತು, ನನ್ನ ಪ್ರಶ್ನೆ ಮೇಲೆಲ್ಲೋ ಹೋಯಿತು.

ಆಮೇಲೆ ಒಬ್ಬರ ಮೂಲಕ ಈ ಚಿಕ್ಕ ಗುಂಪು ಸಿಕ್ಕಿತು. ಮೀಡಿಯಂ ವೇವ್ ಮೇಲೆ ದೂರದ ಕೇಂದ್ರ ಹಿಡಿಯುವವರು. ಆಗ 17 ಜನ, ಈಗ 23. ಅದೇ ಪ್ರಶ್ನೆ ಹಾಕಿದೆ. ಐದು ನಿಮಿಷದಲ್ಲಿ ಕಲಬುರಗಿ ಕಡೆಯ ಒಬ್ಬ ಹಳೇ ರೇಡಿಯೋ ಮೆಕ್ಯಾನಿಕ್ ತಿರುಗಿ ಪ್ರಶ್ನೆ ಕೇಳಿದರು: "ರೂಮಿನಲ್ಲಿ ಎಲ್‌ಇಡಿ ಬಲ್ಬ್ ಉರಿಯುತ್ತಿದೆಯಾ? ಫೋನ್ ಚಾರ್ಜರ್ ಪ್ಲಗ್‌ನಲ್ಲೇ ಇದೆಯಾ? ಎಲ್ಲಾ ತೆಗೆಯಿರಿ. ರಾತ್ರಿ ಒಂಬತ್ತಾಗಲಿ. ರೇಡಿಯೋವನ್ನು ಕಿಟಕಿ ಹತ್ತಿರ ಇಟ್ಟು ಮುಳ್ಳು ಮುಟ್ಟದೆ, ರೇಡಿಯೋವನ್ನೇ ನಿಧಾನವಾಗಿ ತಿರುಗಿಸಿ."

ಯಾಕೆ ಅಂತ ಆಮೇಲೆ ಅವರೇ ಹೇಳಿದರು. ಆ ಬಲ್ಬ್, ಚಾರ್ಜರ್‌ಗಳೂ ರೇಡಿಯೋದಲ್ಲಿ ಗುಯ್ ಅನ್ನಿಸುತ್ತವೆ. ಒಳಗೆ ಕಪ್ಪು ಫೆರೈಟ್ ಕಡ್ಡಿ ಇರುತ್ತೆ, ಅದಕ್ಕೆ ತಂತಿ ಸುತ್ತಿರುತ್ತಾರೆ. ಮೀಡಿಯಂ ವೇವ್ ಹಿಡಿಯೋದು ಆ ಕಡ್ಡಿ, ಮೇಲೆ ಎಳೆಯುವ ಏರಿಯಲ್ ಅಲ್ಲ. ಕಡ್ಡಿಯ ಮಗ್ಗುಲು ಕೇಂದ್ರದ ಕಡೆಗಿದ್ದರೆ ಚೆನ್ನಾಗಿ ಕೇಳುತ್ತೆ, ತುದಿ ಆ ಕಡೆ ತಿರುಗಿದರೆ ಮಾಯ. ಇನ್ನು ಹಗಲಿನಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದ ಒಂದು ಪದರ ಈ ಅಲೆಗಳನ್ನು ನುಂಗಿಬಿಡುತ್ತೆ, ಕತ್ತಲಾದ ಮೇಲೆ ಆ ಪದರ ಇಲ್ಲವಾಗುತ್ತೆ, ಆಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಬಂದು ಬೀಳುತ್ತವೆ.

ನಾನು ಹಾಗೇ ಮಾಡಿದೆ. ಲೈಟ್ ಆರಿಸಿದೆ. ಫ್ರಿಜ್ ಬಿಟ್ಟು ಎಲ್ಲದರ ಪ್ಲಗ್ ಕಿತ್ತೆ. ಕತ್ತಲಲ್ಲಿ ರೇಡಿಯೋ ತಿರುಗಿಸುತ್ತಾ ಕೂತೆ. ಗುಯ್ ಸದ್ದು ಸಣ್ಣದಾಯಿತು, ಅದರ ಹಿಂದೆ ಒಂದು ಹೆಣ್ಣು ದನಿ, ಹೋಗುತ್ತಾ ಬರುತ್ತಾ, ನೀರಿನಲ್ಲಿ ಮುಳುಗಿ ಎದ್ದ ಹಾಗೆ. ಆಮೇಲೆ ಸ್ಪಷ್ಟವಾಗಿ "ಆಕಾಶವಾಣಿ, ಧಾರವಾಡ". ನೇರ ದಾರಿಯಲ್ಲಿ ಲೆಕ್ಕ ಹಾಕಿದರೂ ಸುಮಾರು 450 ಕಿಲೋಮೀಟರ್. ನಾನು ಅತ್ತೆ ಅಂತ ಹೇಳಿಕೊಳ್ಳೋಕೆ ನಾಚಿಕೆ ಇಲ್ಲ. ಗುಂಪಿನಲ್ಲಿ "ಬಂತು" ಅಂತ ಒಂದೇ ಪದ ಬರೆದೆ. 17 ಜನರಲ್ಲಿ 11 ಜನ ಎದ್ದಿದ್ದರು. ಆ ಒಂದು ಪದ ಏನು ಅಂತ ಆ 11 ಜನಕ್ಕೂ ಗೊತ್ತಿತ್ತು.

ಈಗ ಪ್ರಶ್ನೆ. ಆ 900 ಜನರ ಗುಂಪಿನಲ್ಲಿ ನಮ್ಮ ಲಿಂಕ್ ಹಾಕೋಣ ಅಂತ ನಮ್ಮಲ್ಲೇ ಒಬ್ಬರು ಹೇಳುತ್ತಿದ್ದಾರೆ. ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ಮುಚ್ಚುತ್ತಿವೆ, ಕೇಳುವವರು ಜಾಸ್ತಿ ಆದರೆ ಒಳ್ಳೆಯದು, ಅಂತ ಅವರ ವಾದ. ಅದು ಸರಿ ಅಂತ ಅನಿಸುತ್ತೆ. ಆದರೆ ನಮ್ಮಲ್ಲಿ ಭಿವಂಡಿಯ ಗೋದಾಮಿನಲ್ಲಿ ರಾತ್ರಿ ಕಾವಲು ಮಾಡುವ ಒಬ್ಬರಿದ್ದಾರೆ. ನಮ್ಮೆಲ್ಲರಿಗಿಂತ ಒಳ್ಳೆಯ ಕಿವಿ ಅವರದ್ದು. ರಾತ್ರಿ ಎರಡು ಗಂಟೆಗೆ ಏನೇನು ಹಿಡಿಯುತ್ತಾರೋ, ನಂಬೋಕೆ ಆಗಲ್ಲ. ಶಾಲೆ ನಾಲ್ಕನೇ ತರಗತಿಗೆ ನಿಂತಿದೆ, ಕಾಗುಣಿತ ತಪ್ಪುತ್ತೆ. ಬೇರೆ ಒಂದು ದೊಡ್ಡ ಗುಂಪಿನಲ್ಲಿ ಯಾರೋ ಅವರ ಬರಹ ನೋಡಿ ನಕ್ಕರಂತೆ, ಅಲ್ಲಿಂದ ಹೊರಗೆ ಬಂದುಬಿಟ್ಟರು. ಜನ ತುಂಬಿದರೆ ಇಲ್ಲೂ ಅವರು ಬರೆಯೋದು ನಿಲ್ಲಿಸುತ್ತಾರೆ ಅಂತ ನನ್ನ ಭಯ.

ಬೇಡ ಅನ್ನೋದು ನನ್ನ ಸ್ವಾರ್ಥವಾ? ನೀವು ಇಂಥ ಚಿಕ್ಕ ಗುಂಪುಗಳಲ್ಲಿ ಇದ್ದೀರಾ? ಯಾವುದಕ್ಕೆ ಇದ್ದೀರಿ, ಅದು ಬೆಳೆದಾಗ ಏನಾಯಿತು?


ಕೋಥರೂಡ್_ನಿಬ್
ಸೋಮವಾರ, ಬೆಳಗ್ಗೆ 7:15

ಸರ, ಓದಿ ಮುಗಿಸಿದ ಕೂಡಲೇ ಬರೆಯುತ್ತಿದ್ದೇನೆ. ಲಿಂಕ್ ಹಾಕಬೇಡಿ. ನನ್ನ ಅನುಭವ ಹೇಳುತ್ತೇನೆ.

ನಾನು ಬೆಳಗಾವಿಯವನು, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಹುಚ್ಚು ಶಾಯಿ ಪೆನ್ನು. ಅದರಲ್ಲೂ ನಮ್ಮ ದೇಶದಲ್ಲಿ ಕೈಯಲ್ಲಿ ಕಡೆದು ಮಾಡುವ ಎಬೊನೈಟ್ ಪೆನ್ನು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ್ದು, ಕೈಯಲ್ಲಿ ಹಿಡಿದರೆ ಪ್ಲಾಸ್ಟಿಕ್‌ಗಿಂತ ಬೆಚ್ಚಗೆ ಅನಿಸುತ್ತೆ. ರಾಜಮಂಡ್ರಿಯ ರತ್ನಂ ಪೆನ್ನು ನೀವು ಕೇಳಿರಬಹುದು. ನಮ್ಮ ಗುಂಪಿನಲ್ಲಿ 35 ಜನ ಇದ್ದೆವು. ಕನ್ನಡ ಬರೆಯೋಕೆ ಯಾವ ನಿಬ್ ಒಳ್ಳೆಯದು, ಅದೊಂದೇ ಮಾತು.

ಇದರಲ್ಲಿ ಮಾತಾಡೋಕೆ ಏನಿದೆ ಅಂತ ಹೊರಗಿನವರಿಗೆ ಅನಿಸಬಹುದು. ತುಂಬಾ ಇದೆ. ನಮ್ಮ ಅಕ್ಷರ ಪೂರ್ತಿ ದುಂಡಗೆ, ಪೆನ್ನು ಒಂದು ಅಕ್ಷರದಲ್ಲೇ ನಾಲ್ಕೂ ದಿಕ್ಕಿಗೆ ತಿರುಗುತ್ತೆ. ಒತ್ತಕ್ಷರ ಇನ್ನೂ ಚಿಕ್ಕದು, ನಿಬ್ ದಪ್ಪ ಇದ್ದರೆ ಒತ್ತಿನ ಹೊಟ್ಟೆ ಶಾಯಿಯಿಂದ ಮುಚ್ಚಿಹೋಗುತ್ತೆ, ತೀರಾ ಸಣ್ಣದಾದರೆ ಕಾಗದ ಕೆರೆಯುತ್ತೆ. ನಾವೆಲ್ಲಾ ಹೊಸ ಪೆನ್ನು ಬಂದರೆ ಒಂದೇ ಸಾಲು ಬರೆದು ಫೋಟೋ ಹಾಕುತ್ತಿದ್ದೆವು: "ಅಜ್ಜಿಯ ಬುಟ್ಟಿಯಲ್ಲಿ ಒಣ ಬೆಳ್ಳುಳ್ಳಿ ಇಪ್ಪತ್ತು". ಎಣಿಸಿ ನೋಡಿ ಎಷ್ಟು ಒತ್ತಕ್ಷರ ಇದೆ. ಒಮ್ಮೆ ನನ್ನ ಪೆನ್ನು "ಳ್ಳು" ಬರೆಯುವಾಗ ಮಾತ್ರ ಕೆರೆಯುತ್ತಿತ್ತು. ಹುಬ್ಬಳ್ಳಿಯ ಒಬ್ಬ ಅಮ್ಮ ಫೋಟೋ ನೋಡಿ ಹೇಳಿದರು, ಭೂತಗನ್ನಡಿ ಹಿಡಿದು ನಿಬ್ಬಿನ ಎರಡು ಹಲ್ಲು ಎದುರಿನಿಂದ ನೋಡು, ಎಡಗಡೆಯದ್ದು ಕೂದಲೆಳೆಯಷ್ಟು ಕೆಳಗೆ ಇರುತ್ತೆ, ಉಗುರಿನಿಂದ ಮೆತ್ತಗೆ ಮೇಲೆ ಒತ್ತು. ನೋಡಿದೆ. ಕೆಳಗೇ ಇತ್ತು. ಒತ್ತಿದೆ, ಸರಿಹೋಯಿತು. ನಾನಿದ್ದದ್ದು ಪುಣೆ, ಅವರಿದ್ದದ್ದು ಹುಬ್ಬಳ್ಳಿ, ನನ್ನ ನಿಬ್ಬಿನ ಯಾವ ಹಲ್ಲು ಬಗ್ಗಿದೆ ಅಂತ ಅವರು ನನ್ನ "ಳ್ಳು" ನೋಡಿ ಹೇಳಿದರು.

ಆಮೇಲೆ ಯಾರೋ ಉತ್ಸಾಹದಿಂದ ಲಿಂಕ್ ಹಂಚಿದರು. ಒಂದು ವರ್ಷದಲ್ಲಿ 600 ಜನ. ಕೆಟ್ಟವರು ಯಾರೂ ಬರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಎಲ್ಲರೂ ಒಳ್ಳೆಯವರೇ. ಆದರೆ ದಿನಕ್ಕೆ ಹತ್ತು ಸಲ "500 ರೂಪಾಯಿಗೆ ಒಳ್ಳೆ ಪೆನ್ನು ಹೇಳಿ". ಮೊದಮೊದಲು ಹುಬ್ಬಳ್ಳಿ ಅಮ್ಮ ಪ್ರತಿಯೊಬ್ಬರಿಗೂ ಉತ್ತರ ಕೊಟ್ಟರು. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ಇಲ್ಲ. ಗೊತ್ತಿದ್ದವರು ಜಗಳ ಆಡಿ ಹೋಗಲ್ಲ ಸರ, ಸುಮ್ನೆ ಬರೆಯೋದು ನಿಲ್ಲಿಸುತ್ತಾರೆ. ಅವರು ಹೋಗಿ ಆರು ತಿಂಗಳಾದ ಮೇಲೆ ನಾವು ಗಮನಿಸಿದೆವು. ಅದಕ್ಕೆ ನನಗೆ ಈಗಲೂ ಬೇಜಾರಿದೆ.

ಇದು ಹಳೇ ಕಾಯಿಲೆ. ಇಂಟರ್ನೆಟ್ಟಿನ ಮೊದಲ ದಿನಗಳಲ್ಲಿ ಯೂಸ್‌ನೆಟ್ ಅಂತ ಚರ್ಚೆಯ ಜಾಗ ಇತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ಹುಡುಗರು ಬಂದು ಅಲ್ಲಿ ಸೇರುತ್ತಿದ್ದರು, ಸ್ವಲ್ಪ ದಿನ ಗಲಾಟೆ ಆಗುತ್ತಿತ್ತು, ಹಳಬರು ಹೇಳಿಕೊಡುತ್ತಿದ್ದರು, ಹೊಸಬರು ರೀತಿ ಕಲಿಯುತ್ತಿದ್ದರು. 1993ರ ನಂತರ ಅಮೆರಿಕಾ ಆನ್‌ಲೈನ್ ಕಂಪನಿ ತನ್ನ ಗಿರಾಕಿಗಳಿಗೆಲ್ಲ ಆ ಬಾಗಿಲು ತೆಗೆಯಿತು. ಹೊಸಬರು ವರ್ಷಪೂರ್ತಿ ಬರತೊಡಗಿದರು, ಕಲಿಸೋಕೆ ಪುರುಸೊತ್ತೇ ಸಿಗಲಿಲ್ಲ. ಅದನ್ನು ಆ ಜನ "ಮುಗಿಯದ ಸೆಪ್ಟೆಂಬರ್" ಅಂತ ಈಗಲೂ ಕರೆಯುತ್ತಾರೆ. ನಮ್ಮ ಪೆನ್ನಿನ ಗುಂಪಿಗೂ ಅದೇ ಬಂತು.


ವಾಸ್ಕೋ_ಪತಂಗ
ಸೋಮವಾರ, ಮಧ್ಯಾಹ್ನ 2:50

ಅಣ್ಣಾ, ನಿಮ್ಮ "ಬಂತು" ಓದಿ ನನಗೂ ಕಣ್ಣು ತುಂಬಿತು.

ನಾನು ಹಾವೇರಿ ಕಡೆಯವಳು, ಮದುವೆಯಾಗಿ ವಾಸ್ಕೋಗೆ ಬಂದೆ. ನಮ್ಮ ಬಿಲ್ಡಿಂಗ್ ಅಂಗಳದಲ್ಲಿ ಕಣಗಿಲೆ ಗಿಡ ಇದೆ. ಹೋದ ವರ್ಷ ಮಳೆ ಶುರುವಾದ ಮೇಲೆ ಒಂದು ದಿನ ಎಲೆಗಳೆಲ್ಲ ಅರ್ಧರ್ಧ ಖಾಲಿ. ಬಗ್ಗಿ ನೋಡಿದರೆ ನನ್ನ ಬೆರಳಿಗಿಂತ ದಪ್ಪ ಹಸಿರು ಹುಳು. ಮುಟ್ಟಿದರೆ ತಲೆ ಒಳಗೆ ಎಳೆದುಕೊಂಡು ಮೈ ಉಬ್ಬಿಸುತ್ತೆ, ಆಗ ಎರಡು ದೊಡ್ಡ ನೀಲಿ ಕಣ್ಣು ಕಾಣುತ್ತೆ. ನಿಜವಾದ ಕಣ್ಣಲ್ಲ, ಮಚ್ಚೆ. ಹಕ್ಕಿಗಳನ್ನು ಹೆದರಿಸೋಕೆ. ಬಿಲ್ಡಿಂಗ್ ಗುಂಪಿನಲ್ಲಿ ಫೋಟೋ ಹಾಕಿದೆ. ಔಷಧಿ ಹೊಡೆಸಿ, ಮಕ್ಕಳಿಗೆ ಕಚ್ಚುತ್ತೆ, ಸೆಕ್ರೆಟರಿಗೆ ಹೇಳಿ, ಇದೇ ಉತ್ತರ.

ನನ್ನ ತಮ್ಮ ಪತಂಗ ನೋಡುವವರ ಒಂದು ಚಿಕ್ಕ ಗುಂಪಿಗೆ ಸೇರಿಸಿದ. ಶಿರಸಿ, ಗೋವಾ, ಸಾವಂತವಾಡಿ ಕಡೆಯ ಜನ, ಎಲ್ಲಾ ಸೇರಿ ನಲವತ್ತು ಇರಬಹುದು. ಫೋಟೋ ಹಾಕಿ ಚಹಾ ಸೋಸುವಷ್ಟರಲ್ಲಿ ಉತ್ತರ ಬಂತು: ಕಣಗಿಲೆ ಪತಂಗದ ಮರಿ, ಡಾಫ್ನಿಸ್ ನೀರಿ, ಕಚ್ಚಲ್ಲ, ಕಣಗಿಲೆಯ ಹಾಲು ನಮಗೂ ದನಕ್ಕೂ ವಿಷ, ಇದಕ್ಕೆ ಅದೇ ಊಟ. ಔಷಧಿ ಹೊಡೆಯಬೇಡಿ, ಕಾಯಿರಿ, ಹುಳು ಕಂದು ಬಣ್ಣಕ್ಕೆ ತಿರುಗಿದರೆ ಹೇಳಿ.

ನಾನು ಕಾದೆ. ದಿನಾ ಬೆಳಗ್ಗೆ ಫೋಟೋ ಹಾಕಿದೆ. ನಾಲ್ಕನೇ ದಿನ ಹಸಿರು ಹೋಗಿ ಕಂದು ಆಯಿತು, ಗಿಡದಿಂದ ಇಳಿದು ಅವಸರದಲ್ಲಿ ಓಡಾಡತೊಡಗಿತು. ಒಂದು ಅಗಲ ಡಬ್ಬಿಯಲ್ಲಿ ಒಣ ಎಲೆ, ಸ್ವಲ್ಪ ಹಸಿ ಮಣ್ಣು ಹಾಕಿ, ಮೇಲೆ ಹಳೇ ಸೊಳ್ಳೆಪರದೆ ಬಟ್ಟೆ ಕಟ್ಟಿ, ಅಂತ ಹೇಳಿದರು. ಕಟ್ಟಿದೆ. ಎಲೆ ಅಡಿಯಲ್ಲಿ ಕೋಶ ಕಟ್ಟಿತು. ಹದಿಮೂರನೇ ದಿನ ರಾತ್ರಿ ಬಟ್ಟೆ ಅಲುಗಾಡಿತು. ರೆಕ್ಕೆ ಇನ್ನೂ ಒದ್ದೆ ಬಟ್ಟೆ ಥರ ಮುದುಡಿತ್ತು. ನೋಡುತ್ತಾ ನೋಡುತ್ತಾ ಬಿಚ್ಚಿಕೊಂಡಿತು, ಹಸಿರಿನಲ್ಲಿ ಬಿಳಿ, ಗುಲಾಬಿ ಗೆರೆ. ನನ್ನ ಮಗಳು ಎಂಟು ವರ್ಷದವಳು, ಉಸಿರು ಬಿಗಿ ಹಿಡಿದು ಕೂತಿದ್ದಳು. ಆ ರಾತ್ರಿ ಗುಂಪಿನವರು ಹನ್ನೆರಡು ಗಂಟೆವರೆಗೆ ಎದ್ದಿದ್ದು ನನ್ನ ಫೋಟೋಗೆ ಕಾದರು. ಯಾರದೋ ಅಡುಗೆಮನೆಯಲ್ಲಿ ಹುಟ್ಟುವ ಒಂದು ಹುಳಕ್ಕೆ ನಲವತ್ತು ಜನ ಕಾಯುತ್ತಾರೆ ಅಂದರೆ, ನನಗೆ ಮದುವೆಯಾಗಿ ಬಂದ ಮೇಲೆ ಈ ಊರಿನಲ್ಲಿ ಮೊದಲ ಸಲ ನನ್ನವರು ಅಂತ ಅನಿಸಿದ್ದು ಅವತ್ತು.

ಲಿಂಕ್ ಹಾಕೋದು ಬಿಡೋದು ನನಗೆ ಗೊತ್ತಿಲ್ಲ ಅಣ್ಣಾ. ಆದರೆ ನಿಮ್ಮ ಭಿವಂಡಿಯವರನ್ನು ಕೇಳಿದಿರಾ? ಅವರಿಗೇನು ಬೇಕು ಅಂತ?


ಠಾಣೆ_ಲೂಪ್‌ಲೈನ್
ಸೋಮವಾರ, ರಾತ್ರಿ 8:05

ನಾನು ಇಲ್ಲಿ ಬೇರೆ ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ನಾನು ಕುಂದಾಪುರದವಳು, ಠಾಣೆಯಲ್ಲಿ ಕೆಲಸ, ವಯಸ್ಸು 26. ನನಗೆ ರೈಲು ಅಂದರೆ ಪ್ರಾಣ. ರೋಹಾದಿಂದ ತೋಕೂರಿಗೆ ಕೊಂಕಣ ರೈಲ್ವೆಯ ಸುಮಾರು 740 ಕಿಲೋಮೀಟರ್, ಹೆಚ್ಚಿನ ಕಡೆ ಒಂದೇ ಹಳಿ. ಎದುರಿನ ಗಾಡಿ ಬಂದರೆ ಒಂದು ಗಾಡಿ ಲೂಪ್ ಲೈನಿನಲ್ಲಿ, ಅಂದರೆ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ, ನಿಲ್ಲಬೇಕು. ಯಾವ ಗಾಡಿ ಯಾವ ಸ್ಟೇಷನ್ನಿನಲ್ಲಿ ಯಾರಿಗಾಗಿ ನಿಂತಿತು, ಇದನ್ನು ಬರೆದಿಡುವುದೇ ನಮ್ಮ ಗುಂಪಿನ ಕೆಲಸ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವಾಗ ಗಾಡಿ ಕತ್ತಲಲ್ಲಿ ಎಲ್ಲೋ ನಿಂತರೆ ಉಳಿದವರು ಗೊಣಗುತ್ತಾರೆ, ನಾನು ಕಿಟಕಿಗೆ ಮುಖ ಒತ್ತಿ ಎದುರಿನ ಗಾಡಿಗೆ ಕಾಯುತ್ತೇನೆ. ಲಾರಿಗಳನ್ನು ಹೊತ್ತುಕೊಂಡು ಹೋಗುವ ರೋರೋ ಗಾಡಿ ಬಂದರಂತೂ ಹಬ್ಬ. 1999ರಿಂದ ಓಡುತ್ತಿದೆ ಅದು. 2022ರಲ್ಲಿ ದಾರಿ ಪೂರ್ತಿ ವಿದ್ಯುತ್ ಆಯಿತು, ನಾನು ಡೀಸೆಲ್ ಇಂಜಿನ್ ಗುಡುಗು ಕೇಳಿ ಬೆಳೆದವಳು, ಆ ಸದ್ದುಗಳ ರೆಕಾರ್ಡಿಂಗ್ ಈಗ ನಮ್ಮ ಗುಂಪಿನಲ್ಲಿ ಮಾತ್ರ ಸಿಗುತ್ತೆ.

ಈ ಗುಂಪು ನನಗೆ ಸಿಕ್ಕಿದ್ದು ಹೇಗೆ? ಒಂದು ದೊಡ್ಡ ಗುಂಪಿನಲ್ಲಿ ಯಾರೋ ಲಿಂಕ್ ಹಾಕಿದ್ದರಿಂದ. ಅದಕ್ಕಿಂತ ಮೊದಲು ಇನ್ನೊಂದು ಚಿಕ್ಕ ಗುಂಪಿಗೆ ಕೇಳಿದ್ದೆ. "ಪರಿಚಯದವರನ್ನು ಮಾತ್ರ ಸೇರಿಸುತ್ತೇವೆ" ಅಂದರು. ಇಂಜಿನ್ ಬಗ್ಗೆ ಮಾತಾಡುವ ಹುಡುಗಿಗೆ ಆ ಪರಿಚಯದವರು ಎಲ್ಲಿಂದ ಬರಬೇಕು ಹೇಳಿ? ನನ್ನ ಅಪ್ಪ ರೈಲ್ವೆಯಲ್ಲಿಲ್ಲ, ಅಣ್ಣ ತಮ್ಮ ಇಲ್ಲ. ಪರಿಚಯದ ಮೇಲೆ ನಡೆಯುವ ಗುಂಪಿಗೆ ಒಂದೇ ಥರದ ಜನ ಬರುತ್ತಾರೆ. ಹುಬ್ಬಳ್ಳಿ ಅಮ್ಮ, ಭಿವಂಡಿ ಅಣ್ಣ, ಇಂಥವರು ಹೊರಗೇ ಉಳಿಯುತ್ತಾರೆ.

ಪುಣೆಯವರಿಗೆ ಒಂದು ಮಾತು. ಹುಬ್ಬಳ್ಳಿ ಅಮ್ಮ ದಣಿದದ್ದು ಜನ ಬಂದದ್ದರಿಂದ ಮಾತ್ರವಾ? 35 ಜನ ಹಳಬರಿದ್ದಿರಿ, ಉತ್ತರ ಕೊಡುವ ಕೆಲಸ ಅವರೊಬ್ಬರ ಮೇಲೆ ಬಿಟ್ಟಿರಿ ಅಂತ ನನಗೆ ಕಾಣುತ್ತೆ. ತಪ್ಪಿದ್ದರೆ ಕ್ಷಮಿಸಿ.


ಕೋಥರೂಡ್_ನಿಬ್
ಸೋಮವಾರ, ರಾತ್ರಿ 8:40

ತಪ್ಪಿಲ್ಲ ತಂಗಿ. ನಾನು ಈ ದಿಕ್ಕಿನಲ್ಲಿ ಯೋಚನೆ ಮಾಡಿರಲಿಲ್ಲ. ನಾನೂ ಉತ್ತರ ಕೊಡಬಹುದಿತ್ತು, ಕೊಡಲಿಲ್ಲ. ಅವರಿಗೆ ಗೊತ್ತು, ಅವರು ಹೇಳುತ್ತಾರೆ ಅಂತ ಬಿಟ್ಟೆ. ಈ ವಾರ ಅವರಿಗೆ ಫೋನ್ ಮಾಡುತ್ತೇನೆ.


ಮಾಟುಂಗಾ_ಹಳಬ
ಮಂಗಳವಾರ, ಬೆಳಗ್ಗೆ 5:30

ನಿದ್ದೆ ಬರಲಿಲ್ಲ, ನಿಮ್ಮ ಮಾತೆಲ್ಲ ಎರಡು ಸಲ ಓದಿದೆ. ನನಗೆ 74. ಉಡುಪಿ ಕಡೆಯಿಂದ 1967ರಲ್ಲಿ ಮುಂಬೈಗೆ ಬಂದವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ. ಹೋಟೆಲಿನ ಶಟರ್ ಎಳೆದ ಮೇಲೆ ಗಲ್ಲಾಪೆಟ್ಟಿಗೆಯ ಮೇಲಿದ್ದ ರೇಡಿಯೋ ನಮ್ಮದು. ಧಣಿಗಳು ಹೋದ ಮೇಲೆ ಬೆಂಗಳೂರು, ಧಾರವಾಡ ಹುಡುಕುತ್ತಿದ್ದೆವು. ಹತ್ತು ಹುಡುಗರು ನೆಲದ ಮೇಲೆ ಮಲಗಿ ಕೇಳುವುದು. ಆಗ ಎಲ್‌ಇಡಿ ಇಲ್ಲ, ಚಾರ್ಜರ್ ಇಲ್ಲ, ಮುಂಬೈ ರಾತ್ರಿ ರೇಡಿಯೋಗೆ ಬಹಳ ಶುದ್ಧ ಇತ್ತು ಮಾರಾಯ್ರೆ.

ಆಮೇಲೆ ನನಗೆ ಶಾರ್ಟ್ ವೇವ್ ಹುಚ್ಚು ಹಿಡಿಯಿತು. ದೂರದ ದೇಶದ ಕೇಂದ್ರ ಕೇಳಿ, ಯಾವ ದಿನ, ಎಷ್ಟು ಗಂಟೆ, ಯಾವ ಫ್ರೀಕ್ವೆನ್ಸಿ, ಏನು ಕೇಳಿಸಿತು ಅಂತ ಬರೆದು ಅಂಚೆಗೆ ಹಾಕುವುದು. ನೀನು ಕೇಳಿದ್ದು ಹೌದು ಅಂತ ಅವರು ಒಂದು ಚಿತ್ರದ ಕಾರ್ಡ್ ಕಳಿಸುತ್ತಿದ್ದರು, ಕ್ಯೂಎಸ್‌ಎಲ್ ಕಾರ್ಡ್ ಅಂತ ಅದಕ್ಕೆ. ರೇಡಿಯೋ ಮಾಸ್ಕೋದ ಕಾರ್ಡ್ ಬಂದ ದಿನ ಪೋಸ್ಟ್‌ಮ್ಯಾನ್ ನಮ್ಮ ಚಾಳಿನ ಮೂರೂ ಮಾಳಿಗೆಗೆ ಕೇಳುವ ಹಾಗೆ ನನ್ನ ಹೆಸರು ಕೂಗಿದ. ಆ ಕಾರ್ಡ್ ಈಗಲೂ ಇದೆ. ಆಗ ನಮ್ಮ ಗುಂಪು ಅಂದರೆ ಅಂಚೆ ಕಾರ್ಡಿನಲ್ಲಿ ಮಾತಾಡುವ ಏಳೆಂಟು ಜನ. ಒಬ್ಬ ಮೀರಜ್, ಒಬ್ಬ ಕಾರವಾರ, ಒಬ್ಬ ಮಡಗಾಂವ್. ಇಬ್ಬರ ಮುಖವನ್ನು ನಾನು ಕೊನೆಯವರೆಗೂ ನೋಡಲಿಲ್ಲ, ಕೈಬರಹ ಮಾತ್ರ ಗೊತ್ತು. ಅವರು ಹೋದಾಗ ಮನೆಯವರು ನನಗೆ ಕಾಗದ ಬರೆದು ತಿಳಿಸಿದರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಮ್ಮ ಏಳೆಂಟು ಜನರ ಗುಂಪಿಗೆ ಯಾರು ಬೇಕಾದರೂ ಸೇರಬಹುದಿತ್ತು. ಒಂದೇ ನಿಯಮ. ಮೊದಲ ಕಾರ್ಡಿನಲ್ಲಿ ಏನಾದರೂ ಕೇಳಿದ ವರದಿ ಇರಬೇಕು. ಸಿನ್ಪೊ ಅಂತ ಐದು ಅಂಕಿ ಬರೆಯುತ್ತೇವೆ, ನಿಮಗೆ ಗೊತ್ತಿರುತ್ತೆ, ಉಳಿದವರಿಗೆ ಹೇಳುತ್ತೇನೆ. ಮೊದಲ ಅಂಕಿ ಸದ್ದು ಎಷ್ಟು ಜೋರು, ಎರಡನೆಯದು ಬೇರೆ ಕೇಂದ್ರದ ಕಾಟ, ಮೂರನೆಯದು ಗದ್ದಲ, ನಾಲ್ಕನೆಯದು ದನಿ ಏರಿಳಿಯುವುದು, ಐದನೆಯದು ಒಟ್ಟಾರೆ. ಒಂದರಿಂದ ಐದರವರೆಗೆ ಅಂಕ, ಐದು ಅಂದರೆ ಉತ್ತಮ. 55555 ಅಂದರೆ ಪಕ್ಕದ ಮನೆಯಲ್ಲಿ ಕೂತು ಮಾತಾಡಿದ ಹಾಗೆ.

ಲಿಂಕ್ ಹಾಕಿ. ಆದರೆ ಲಿಂಕಿನ ಜೊತೆ ಇದನ್ನೂ ಬರೆಯಿರಿ: ಇವತ್ತು ರಾತ್ರಿ ರೇಡಿಯೋ ಹಚ್ಚಿ ನಿಮ್ಮ ಊರಿನಾಚೆಯ ಒಂದು ಕೇಂದ್ರ ಹಿಡಿದು, ಸಮಯ ಮತ್ತು ಐದು ಅಂಕಿ ಬರೆದು ಕಳಿಸಿ, ಅದೇ ನಿಮ್ಮ ಪ್ರವೇಶ ಚೀಟಿ. 900 ಜನರಲ್ಲಿ ಎಷ್ಟು ಜನ ಲೈಟ್ ಆರಿಸಿ ಅರ್ಧ ಗಂಟೆ ಕೂರುತ್ತಾರೆ? ಐದು ಜನ ಕೂತರೆ ಆ ಐದು ಜನ ನಿಮ್ಮವರು. ಯಾರ ಪರಿಚಯವೂ ಬೇಡ, ಠಾಣೆಯ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಲಾಭ ಇದೆ. ಐದು ಅಂಕಿ ಬರೆಯಲು ಕಾಗುಣಿತ ಬೇಡ. ಪ್ರೊಫೆಸರ್ ಬರೆದರೂ ಅದೇ ಐದು ಅಂಕಿ, ಕಾವಲುಗಾರ ಬರೆದರೂ ಅದೇ.

ಹೊಸಬರಿಗೆ ಉತ್ತರ ಕೊಡುವ ಪಾಳಿ ಹಾಕಿಕೊಳ್ಳಿ. ವಾರಕ್ಕೊಬ್ಬರು. ಹೋಟೆಲಿನಲ್ಲಿ ನಾವು ಗ್ರೈಂಡರ್ ತೊಳೆಯಲು ಪಾಳಿ ಹಾಕುತ್ತಿದ್ದೆವು, ಇಲ್ಲದಿದ್ದರೆ ಯಾವಾಗಲೂ ಒಬ್ಬನೇ ತೊಳೆಯುತ್ತಾನೆ.


ಡೊಂಬಿವಲಿ_765
ಮಂಗಳವಾರ, ರಾತ್ರಿ 9:20

ಎಲ್ಲರಿಗೂ ಕೈ ಮುಗಿಯುತ್ತೇನೆ. ಕಾಕಾ, ನಿಮ್ಮ ಮಾತನ್ನು ಹಾಗೇ ನಮ್ಮ ಗುಂಪಿನಲ್ಲಿ ಹಾಕಿದೆ. ಎಲ್ಲರೂ ಒಪ್ಪಿದರು. ಮೊದಲ ವಾರದ ಪಾಳಿ ಕಲಬುರಗಿಯವರು ತೆಗೆದುಕೊಂಡಿದ್ದಾರೆ, ಎರಡನೆಯದು ನನ್ನದು. ಲಿಂಕ್ ಶನಿವಾರ ಹಾಕುತ್ತೇವೆ.

ವಾಸ್ಕೋ ತಂಗಿ, ನೀವು ಹೇಳಿದ ಹಾಗೆ ಭಿವಂಡಿಯವರಿಗೆ ಫೋನ್ ಮಾಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಅವರ ದನಿ ಕೇಳಿದ್ದು. ಎರಡು ವರ್ಷದಿಂದ ಅವರ ಪರವಾಗಿ ನಾನೇ ಯೋಚನೆ ಮಾಡುತ್ತಿದ್ದೆ, ಅವರನ್ನೇ ಕೇಳಿರಲಿಲ್ಲ. ಜನ ಬರಲಿ ಅಂದರು. "ರಾತ್ರಿ ಎರಡಕ್ಕೆ ನಾನೊಬ್ಬನೇ ಎಚ್ಚರ ಇರುತ್ತೇನೆ ಸರ್, ಆ ಹೊತ್ತಿಗೆ ಇನ್ನೊಬ್ಬ ಸಿಕ್ಕರೆ ಚೆನ್ನಾಗಿರುತ್ತೆ" ಅಂದರು.

ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಒಂದು ಗ್ಯಾಂಗ್ ಕಂಡೆನ್ಸರ್ ತಂದಿದ್ದೇನೆ, ರೇಡಿಯೋದಲ್ಲಿ ಕೇಂದ್ರ ಹೊಂದಿಸಲು ತಿರುಗಿಸುವ ಬಿಡಿಭಾಗ ಅದು. ಅದರಿಂದ ಲೂಪ್ ಆಂಟೆನಾ ಮಾಡುತ್ತೇನೆ. ಎರಡಡಿ ಚೌಕದ ಕಟ್ಟಿಗೆ ಫ್ರೇಮಿಗೆ ಹತ್ತು ಸುತ್ತು ತಂತಿ ಸುತ್ತಿ, ಎರಡು ತುದಿ ಗ್ಯಾಂಗಿಗೆ ಕೊಟ್ಟು ರೇಡಿಯೋ ಪಕ್ಕದಲ್ಲಿ ಇಡುವುದು. ತಂತಿ ರೇಡಿಯೋಗೆ ತಾಗಿಸುವ ಅಗತ್ಯ ಇಲ್ಲ, ಗ್ಯಾಂಗ್ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ಕೇಂದ್ರ ಥಟ್ಟನೆ ಎದ್ದು ಬರುತ್ತೆ. ಭಿವಂಡಿಯವರ ಹತ್ತಿರ ಈ ಲೂಪ್ ಇಲ್ಲ, ಬರೀ ರೇಡಿಯೋದಲ್ಲೇ ಅಷ್ಟೆಲ್ಲ ಹಿಡಿಯುತ್ತಾರೆ. ಇದನ್ನು ಅವರಿಗೆ ಕೊಡೋಣ ಅಂತ.

ಇದನ್ನು ಬರೆಯುತ್ತಿರುವಾಗಲೇ ಅವರ ವರದಿ ಬಂತು, "9:14, 765, ದಾರವಾಡ, 44343". ನಾನು ಲೈಟ್ ಆರಿಸುತ್ತೇನೆ.